ಬಾಗಿಲ ಮುಂದೆ ನಾಲ್ಕು ನಿಮಿಷ

"ಹಿಡಿಹಿಡಿಯಾಗಿ ಕೀಳ್ಬೇಡಿ, ಒಂದೊಂದೇ ಹಾಳೆ ಬಿಡಿಸಿ. ದಪ್ಪ ಪುಸ್ತಕ ಒಳಗೆ ಸರಿಯಾಗಿ ಉರಿಯಲ್ಲ, ಅರೆಬೆಂದ ಬೂದಿ ಮೂಳೆಗೆ ಅಂಟ್ಕೊಳ್ಳುತ್ತೆ," ಎಂದ ಶವಸಂಸ್ಕಾರದ ಕಂಪನಿಯ ಮನುಷ್ಯ.

ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದ ನಾಲ್ಕು ಜನ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆಯಾಡಿಸಿ, ನೋಟ್‌ಬುಕ್ಕುಗಳನ್ನು ನಿಧಾನವಾಗಿ ಹರಿಯತೊಡಗಿದರು. ಒಟ್ಟು ಹನ್ನೊಂದು ನೋಟ್‌ಬುಕ್ಕು, ಹೆಣದ ಜೊತೆಗೇ ಸುಡಬೇಕಾದವು. ಅವನ್ನು ಬರೆದ ಇನೊಮಾತ ನೊಬುಯುಕಿ ಪಕ್ಕದಲ್ಲೇ ಬಿಳಿ ಮರದ ಪೆಟ್ಟಿಗೆಯಲ್ಲಿ ಮಲಗಿದ್ದ. ಐವತ್ತು ವರ್ಷ, ಮದುವೆಯಿಲ್ಲ, ಮಕ್ಕಳಿಲ್ಲ. ಓಮುತ ಊರಿನ ಲಾಂಡ್ರಿಯೊಂದರಲ್ಲಿ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಮೂರು ದಿನದ ಹಿಂದೆ ಎದೆ ಹಿಡಿದುಕೊಂಡು ಎರಡು ಬಟ್ಟೆ ಗುಡ್ಡೆಗಳ ನಡುವೆ ಬಿದ್ದವನನ್ನು, ಯಂತ್ರ ತಿರುಗಿ ತಿರುಗಿ ನಿಲ್ಲುವವರೆಗೂ ಯಾರೂ ನೋಡಿರಲಿಲ್ಲ. ಆಮೇಲೆ ನೋಡಿದವರು ಕೂಡ, ಯಂತ್ರ ನಿಂತರೂ ಇವನೇಕೆ ಬಟ್ಟೆ ತೆಗೆಯಲಿಲ್ಲ ಎಂದು ಬೈಯಲು ಹೋದವರೇ.

"ಎಂಥಾ ಒಳ್ಳೆ ಮನುಷ್ಯ. ಒಂದು ದಿನ ಧ್ವನಿ ಎತ್ತಿದವನಲ್ಲ," ಎಂದಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ತೊಮಿ.

"ಹೋದ ವಾರ ನೀನೇ ಅವನನ್ನ ಒದ್ದೆ ಗೋಡೆ ಅಂದಿದ್ದೆ," ಎಂದರು ಲಾಂಡ್ರಿಯ ವ್ಯಾನ್ ಓಡಿಸುವ ಮುದುಕ ಸಕಾಗುಚಿ. "ಮಾತಾಡ್ಸಿದ್ರೆ ಉತ್ತರ ಇಲ್ಲ, ಹತ್ರ ಹೋದ್ರೆ ತಣ್ಣಗೆ ಅಂತ."

"ಅದು ಬದುಕಿದ್ದಾಗ ಅಂದಿದ್ದು."

ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಆ ಹಾಲನ್ನು ಕರೆಯುವುದರಲ್ಲಿ ತೊಮಿ ಬೆಳಗ್ಗೆಯಿಂದ ದಣಿದಿರಲಿಲ್ಲ. ಸತ್ತವನ ಅಕ್ಕ ಫುಸಾಎ ನಗಲೂ ಇಲ್ಲ, ಬೇಸರಪಡಲೂ ಇಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು ಅವಳು. ಹಾಳೆಗಳನ್ನೂ ಅದೇ ಶಿಸ್ತಿನಲ್ಲಿ, ಅಂಚು ಸೀಳದಂತೆ ಬಿಡಿಸಿ ಜೋಡಿಸುತ್ತಿದ್ದಳು.

ನಾಲ್ಕನೆಯವನು ಕೊಗಾ ಹಿದೆತೊ. ನೊಬುಯುಕಿಯ ಬಾಲ್ಯದ ಗೆಳೆಯ, ಇದ್ದ ಒಬ್ಬನೇ ಗೆಳೆಯ. ಫುಕುಒಕದಲ್ಲಿ ಹಳೆಯ ವಿಡಿಯೊ ಗೇಮುಗಳನ್ನು ಮಾರುವ ಅಂಗಡಿ ಇಟ್ಟಿದ್ದ. ಇವತ್ತು ಅವನು ಒಂದು ಮಾತು ಹೇಳಲು ಬಂದಿದ್ದ, ಒಂದು ವಸ್ತು ಕೇಳಲು ಬಂದಿದ್ದ. ಕೇಳಬೇಕಿದ್ದ ವಸ್ತು ಈ ನೋಟ್‌ಬುಕ್ಕುಗಳೇ. ಅವು ಈಗ ಅವನ ಕೈಯಲ್ಲೇ ಹರಿಯುತ್ತಿದ್ದವು. ಹೇಳಬೇಕಿದ್ದ ಮಾತು ಮೂವತ್ತೆಂಟು ವರ್ಷದಿಂದ ಗಂಟಲಲ್ಲಿತ್ತು, ಈಗಲೂ ಅಲ್ಲೇ ಇತ್ತು.

"ಇದೇನ್ರೀ, ಬರೀ ಒಂದೇ ಆಟದ ಬಗ್ಗೆ ಬರ್ದಿದಾನೆ," ಎಂದು ಸಕಾಗುಚಿ ಕನ್ನಡಕ ಏರಿಸಿ ಒಂದು ಹಾಳೆಯನ್ನು ಗಟ್ಟಿಯಾಗಿ ಓದಿದರು. "ಕೇಳಿ. ‘ಹೊಗೆಬಂದರು ಸಿನಿಮಾದಲ್ಲಿ ನಾಯಕನ ಕೋಟು ಬೂದು ಬಣ್ಣ. ಆಟದಲ್ಲಿ ಹಸಿರು. ಬಂದರು ಎಂದು ತೋರಿಸಿರುವುದು ಸ್ನಾನದ ತೊಟ್ಟಿಯ ಹಾಗಿದೆ, ಖಳನ ದೋಣಿ ಚಪ್ಪಲಿಯ ಹಾಗಿದೆ. ಗುದ್ದಿದರೆ ಎದುರಾಳಿ ಸ್ವಲ್ಪ ಯೋಚಿಸಿ ಆಮೇಲೆ ಬೀಳುತ್ತಾನೆ. ಸಂಗೀತ ಒಂದೇ ಸಾಲು. ಆ ವರ್ಷ ಇದಕ್ಕಿಂತ ಕೆಟ್ಟ ಆಟ ಬಂದಿಲ್ಲ.’ ಅಯ್ಯೋ ದೇವ್ರೇ, ಇಷ್ಟು ಕೆಟ್ಟದ್ದನ್ನ ಯಾಕಪ್ಪಾ ಆಡಿದೆ?"

"ಮುಂದೆ ಓದಿ," ಎಂದಳು ಫುಸಾಎ.

"‘ಆದರೆ ಅಣ್ಣ ನಿಮ್ಮ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಡೆಯುತ್ತಾನೆ. ನೀವು ನಿಂತರೆ ನಿಲ್ಲುತ್ತಾನೆ. ಮೂರು ಎಣಿಸುವಷ್ಟು ಹೊತ್ತು ನೀವು ಅಲ್ಲಾಡದಿದ್ದರೆ ತಲೆ ತಿರುಗಿಸಿ ನಿಮ್ಮನ್ನು ನೋಡುತ್ತಾನೆ. ಸಿನಿಮಾದ ಅಣ್ಣ ಒಂದು ಸಲವೂ ನೋಡಲಿಲ್ಲ. ಈ ಆಟ ಮಾಡಿದವನಿಗೆ ಅಣ್ಣ ಇದ್ದಿರಬೇಕು.’" ಸಕಾಗುಚಿಯ ಧ್ವನಿ ತಗ್ಗಿತು. ಆದರೆ ಬಾಯಿ ಸುಮ್ಮನಿರುವ ಜಾತಿಯಲ್ಲ. "ಇಲ್ಲಿ ಕೆಳಗೆ ಇನ್ನೊಂದು ಸಾಲು. ‘ಇವತ್ತು ಹಿದೆತೊ ಬಂದಿದ್ದ. ಹೇಳಲಿಲ್ಲ.’"

"ನನ್ನ ಹಾಳೇಲೂ ಅದೇ ಇದೆ," ಎಂದಳು ತೊಮಿ. "‘ಹಿದೆತೊ ಫೋನ್ ಮಾಡಿದ್ದ. ಹೇಳಲಿಲ್ಲ.’ ಇಲ್ನೋಡಿ, ಇದು ಇನ್ನೊಂದು ವರ್ಷದ್ದು."

"ಹಿದೆತೊ ಅಂದ್ರೆ ನೀವೇ ಅಲ್ವಾ?" ಸಕಾಗುಚಿ ತಿರುಗಿದರು. "ಏನ್ರೀ ಹೇಳ್ಬೇಕಿತ್ತು ನೀವು?"

ಹಿದೆತೊನ ಕೈ ತಾನಾಗಿಯೇ ಕೋಟಿನ ಒಳಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಲ್ಲಿ ಅವನು ಐದು ನಿಮಿಷದ ಹಿಂದೆ ಮೊದಲನೆಯ ನೋಟ್‌ಬುಕ್ಕಿನಿಂದ ಕಿತ್ತು ಮಡಚಿಟ್ಟ ಒಂದು ಹಾಳೆ ಇತ್ತು.

"ನೆನಪಿಲ್ಲ," ಎಂದ.

*

ಒಂದು ಸಾವಿರದ ಒಂಬೈನೂರ ಎಂಬತ್ತಾರರ ಶರತ್ಕಾಲದಲ್ಲಿ ಹದಿನೇಳರ ಮಸಾಹರು ತನ್ನ ತಮ್ಮ ನೊಬುವನ್ನು, ಎಂದರೆ ನೊಬುಯುಕಿಯನ್ನು, ಸಿನಿಮಾಕ್ಕೆ ಕರೆದೊಯ್ದ. ‘ಹೊಗೆಬಂದರು’ ಇಬ್ಬರು ಅಣ್ಣತಮ್ಮಂದಿರ ಕತೆ. ಕೊನೆಯಲ್ಲಿ ರೌಡಿಗಳು ಮುತ್ತಿಕೊಂಡಾಗ ಅಣ್ಣ ಉಗ್ರಾಣದ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ತಮ್ಮನನ್ನು ದೋಣಿಗೆ ಓಡಿಸುತ್ತಾನೆ. ಬಾಗಿಲ ಹಿಂದೆ ಸದ್ದು ಕೇಳುತ್ತದೆ, ಅಷ್ಟೆ. ಹೆಣ ತೋರಿಸುವುದಿಲ್ಲ. ದಾರಿಯುದ್ದಕ್ಕೂ ನೊಬು ವಾದ ಮಾಡಿದ್ದ, ತೋರಿಸಿಲ್ಲ ಅಂದರೆ ಸತ್ತಿಲ್ಲ ಎಂದು. ಮಸಾಹರು ತಮ್ಮನ ತಲೆಗೆ ಮೊಟಕಿ, "ಸರಿ ಮಾರಾಯ, ಬದುಕ್ಕೊಳ್ಲಿ ಬಿಡು," ಎಂದಿದ್ದ.

ಆ ಚಳಿಗಾಲ ಕಡಲಪಾಚಿ ಕೊಯ್ಯುವ ದೋಣಿಯಲ್ಲಿ ಕೂಲಿಗೆ ಹೋದ ಮಸಾಹರು ಅರಿಯಾಕೆ ಕೊಲ್ಲಿಯಲ್ಲಿ ನೀರಿಗೆ ಬಿದ್ದ. ಹೆಣ ಸಿಗಲಿಲ್ಲ. ಕುಟುಂಬದ ಗೋರಿಯಲ್ಲಿ, ಮೂಳೆ ತುಂಬಬೇಕಿದ್ದ ಅವನ ಹೆಸರಿನ ಕುಡಿಕೆಯೊಳಗೆ ಇಟ್ಟದ್ದು ಶಾಲೆಯ ಕೋಟಿನ ಒಂದು ಹಿತ್ತಾಳೆ ಗುಂಡಿ.

ಮುಂದಿನ ಬೇಸಿಗೆಯಲ್ಲಿ ‘ಹೊಗೆಬಂದರು’ ಆಟದ ಕ್ಯಾಸೆಟ್ ಬಂತು, ಟಿ.ವಿ.ಗೆ ಜೋಡಿಸಿದ ಯಂತ್ರಕ್ಕೆ ಸಿಕ್ಕಿಸಿ ಆಡುವಂಥದ್ದು. ಆರು ಹಂತ, ಅಣ್ಣ ಬೆನ್ನ ಹಿಂದೆ. ಆರನೆಯದರ ಕೊನೆಗೆ ಅದೇ ಬಾಗಿಲು. ಬಾಗಿಲು ಮುಚ್ಚುತ್ತದೆ, ತಮ್ಮ ಒಬ್ಬನೇ ಚಪ್ಪಲಿಯಂಥ ದೋಣಿ ಹತ್ತಬೇಕು. ನೊಬು ದಿನವೂ ಆಡಿದ. ಹಿದೆತೊ ಪಕ್ಕದಲ್ಲಿ ಕೂತು ನೋಡಿದ.

ಹಿದೆತೊಗೆ ಹನ್ನೆರಡು ವರ್ಷ, ಆ ವಯಸ್ಸಿಗೆ ತಕ್ಕ ಹೊಟ್ಟೆಕಿಚ್ಚು. ಅಣ್ಣ ಸತ್ತಂದಿನಿಂದ ನೊಬುವಿಗೆ ಶಾಲೆಯ ಊಟದಲ್ಲಿ ಎರಡು ಪುಡ್ಡಿಂಗ್ ಸಿಗುತ್ತಿತ್ತು. ಹೋಂವರ್ಕ್ ಮಾಡದಿದ್ದರೂ ಮೇಷ್ಟ್ರು ಬೈಯುತ್ತಿರಲಿಲ್ಲ. ಆಗ ಗೇಮ್ ಪತ್ರಿಕೆಗಳಲ್ಲಿ ಒಂದು ತಮಾಷೆಯ ಅಂಕಣ ಬರುತ್ತಿತ್ತು. ಓದುಗರು ಯಾವುದೋ ಆಟದ ಸುಳ್ಳು ಗುಟ್ಟೊಂದನ್ನು ಕಟ್ಟಿ ಕಳಿಸಬೇಕು. ಪತ್ರಿಕೆ ಅದನ್ನು ನಿಜವಾದ ಗುಟ್ಟುಗಳ ನಡುವೆ ಬೆರೆಸಿ ಅಚ್ಚು ಹಾಕುತ್ತದೆ. ಮುಂದಿನ ತಿಂಗಳು, ಇದು ಸುಳ್ಳಾಗಿತ್ತು, ಕಟ್ಟಿದವನು ಇಂಥವನು ಎಂದು ಹೆಸರು ಹಾಕಿ ನಗುತ್ತದೆ. ಮಕ್ಕಳಿಗೆಲ್ಲ ಈ ಪದ್ಧತಿ ಗೊತ್ತು. ಒಂದು ತಿಂಗಳು ಮೋಸಹೋಗುವುದು, ಮರುತಿಂಗಳು ನಗುವುದು.

ಹಿದೆತೊ ಬರೆದು ಕಳಿಸಿದ: ಆರು ಹಂತದಲ್ಲಿ ಒಂದೂ ಏಟು ತಿನ್ನಬಾರದು. ಬಿದ್ದ ಕಬ್ಬಿಣದ ಸರಳನ್ನು ಒಮ್ಮೆಯೂ ಎತ್ತಿಕೊಳ್ಳಬಾರದು. ಕೊನೆಯ ಬಾಗಿಲು ಮುಚ್ಚಿದ ಮೇಲೆ ಗುಂಡಿ ಒತ್ತುವ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಮುಟ್ಟದೆ, ನಾಲ್ಕು ನಿಮಿಷ ಕಾಯಬೇಕು. ಬಾಗಿಲು ತೆರೆಯುತ್ತದೆ. ಅಣ್ಣ ಹೊರಗೆ ಬರುತ್ತಾನೆ. ಅವನ ಕೋಟು ಒದ್ದೆಯಾಗಿರುತ್ತದೆ.

ಉಗ್ರಾಣದಲ್ಲಿ ನೀರಿರಲಿಲ್ಲ. ಆ ಕೊನೆಯ ಸಾಲನ್ನು ಹಿದೆತೊ ಬೇಕೆಂದೇ ಬರೆದ.

ಡಿಸೆಂಬರ್ ಸಂಚಿಕೆಯಲ್ಲಿ ಅದು ಬಂತು. ನೊಬು ಪತ್ರಿಕೆ ಹಿಡಿದುಕೊಂಡು ಓಡಿಬಂದ. ಅವನ ಮುಖ ನೋಡಿದ ಹಿದೆತೊಗೆ ಮೊದಲು ಖುಷಿಯಾಯಿತು, ಆಮೇಲೆ ಹೆದರಿಕೆಯಾಯಿತು. ಜನವರಿ ಸಂಚಿಕೆ ಬಂದ ದಿನ ರೈಲ್ವೆ ನಿಲ್ದಾಣದ ಪುಸ್ತಕದಂಗಡಿಗೆ ಹೋಗಿ ಇದ್ದ ಎರಡೇ ಪ್ರತಿಯನ್ನೂ ಕೊಂಡು ಕಾಲುವೆಗೆ ಎಸೆದ. ಪತ್ರಿಕೆಯವರು ಬಹುಮಾನವಾಗಿ ಕಳಿಸಿದ ಪೆನ್ಸಿಲ್ ಡಬ್ಬಿಯನ್ನು ಶಾಲೆಗೆ ಒಯ್ಯಲಾಗದೆ ಬೀರುವಿನ ಹಿಂದೆ ಅಡಗಿಸಿದ. ಊರಿನಲ್ಲಿ ಆ ಪತ್ರಿಕೆ ಬರುವ ಇನ್ನೊಂದು ಜಾಗ ಅವನಿಗೆ ಹೊಳೆಯಲೇ ಇಲ್ಲ. ಅದು ಹತ್ತೊಂಬತ್ತರ ಫುಸಾಎ ಕೆಲಸ ಕಲಿಯುತ್ತಿದ್ದ ಕ್ಷೌರದಂಗಡಿ.

ಒಳಜೇಬಿನಲ್ಲಿದ್ದ ಹಾಳೆಯಲ್ಲಿ ಹನ್ನೆರಡರ ನೊಬುವಿನ ಕೈಬರಹ ಹೀಗಿತ್ತು: "ಜನವರಿ ೨೩. ಅಕ್ಕನ ಅಂಗಡಿಯಲ್ಲಿ ಪತ್ರಿಕೆ ನೋಡಿದೆ. ಅದು ಸುಳ್ಳಂತೆ. ಹಿದೆತೊನ ಹೆಸರು ಹಾಕಿದ್ದಾರೆ. ಅವನೇ ಬಂದು ಹೇಳುತ್ತಾನೆ. ಹೇಳುವವರೆಗೆ ನಾನು ಆಡುತ್ತಿರುತ್ತೇನೆ. ಕೋಟು ಒದ್ದೆ ಎಂದು ಯಾಕೆ ಬರೆದ ಎನ್ನುವುದೊಂದನ್ನು ಕೇಳಬೇಕು."

*

"ಕ್ಯಾಸೆಟ್ ಹಾಕೋ ಹಾಗಿಲ್ಲಮ್ಮ," ಎಂದ ಕಂಪನಿಯ ಮನುಷ್ಯ. ಫುಸಾಎ ಚೀಲದಿಂದ ತೆಗೆದಿದ್ದ ಹಳದಿಗಟ್ಟಿದ ಪ್ಲಾಸ್ಟಿಕ್ ಚೌಕವನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟ. "ಪ್ಲಾಸ್ಟಿಕ್, ಲೋಹ, ಗಾಜು ಏನೂ ಬೇಡ. ಕರಗಿ ಮೂಳೆ ಹಾಳಾಗುತ್ತೆ."

"ಹಂಗಾದ್ರೆ ನನ್ನ ಲೈಟರ್?" ಸಕಾಗುಚಿ ಕೆಂಪು ಲೈಟರೊಂದನ್ನು ಮುಂದೆ ಹಿಡಿದರು. "ದಿನಾ ಮಧ್ಯಾಹ್ನ ನನ್ನ ಹತ್ರ ಇಸ್ಕೊಳ್ಳೋನು. ಕೊನೆಗಾದ್ರೂ ಸ್ವಂತದ್ದು ಇರ್ಲಿ ಅಂತ."

"ತಾತ, ಅದು ಒಳಗೆ ಸಿಡಿಯುತ್ತೆ."

"ಸಿಡಿದ್ರೆ ಸಿಡೀಲಿ, ಬದುಕಿನಲ್ಲಿ ಒಂದ್ಸಲನಾದ್ರೂ ಸದ್ದು ಮಾಡ್ದಂಗೆ ಆಗುತ್ತೆ," ಎಂದ ಸಕಾಗುಚಿ, ಯಾರೂ ನಗದಿದ್ದಾಗ ಮುಖ ಸಣ್ಣದು ಮಾಡಿಕೊಂಡು ಮುಷ್ಟಿ ಮುಚ್ಚಿದರು.

ಫುಸಾಎ ಆ ಮನುಷ್ಯನನ್ನು ಕೇಳಿದಳು: "ಗಂಟಲ ಬುದ್ಧ ಸರಿಯಾಗಿ ಉಳಿಯುತ್ತಾ?"

"ಇನ್ನೂ ವಯಸ್ಸಾಗಿಲ್ಲ, ಎಲುಬು ಗಟ್ಟಿ ಇರುತ್ತೆ. ಚೆನ್ನಾಗಿ ಉಳಿಯುತ್ತೆ. ಒಳಗೆ ಬೇರೇನೂ ಹಾಕ್ಬೇಡಿ, ಅಷ್ಟೇ."

"ದೊಡ್ಡವನದು ಒಂದು ಗುಂಡಿ ಬಿಟ್ರೆ ನಮಗೆ ಏನೂ ಸಿಗ್ಲಿಲ್ಲ," ಎಂದು ಅವಳು ಹಿದೆತೊನ ಕಡೆ ತಿರುಗಿದಳು. "ಇವನದ್ದಾದ್ರೂ ಬುದ್ಧನ್ನ ನನ್ನ ಕೈಯಾರೆ ಎತ್ಬೇಕು. ಇನ್ನೇನೂ ಬೇಡ ನಂಗೆ."

ಗಂಟಲ ಬುದ್ಧ ಎಂದರೆ ಕತ್ತಿನ ಎರಡನೆಯ ಮೂಳೆ, ಕೈಮುಗಿದು ಕೂತ ಬುದ್ಧನ ಆಕಾರದ್ದು; ಸುಟ್ಟ ಮೇಲೆ ಅದು ಮುಕ್ಕಾಗದೆ ಉಳಿದರೆ ಸತ್ತವನು ನೆಮ್ಮದಿಯಾಗಿ ಹೋದ ಎಂದು ನಂಬುವ ಜನ ಇವರು. ಹಿದೆತೊ ಕೂಡ ನಂಬುವವನೇ. ಅವನು ಈ ಮಾತನ್ನು ಕಿವಿಯಾರೆ ಕೇಳಿದ್ದ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಮುಂದೆ ಅವನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ.

ಎಲ್ಲರೂ ಎದ್ದು ಪೆಟ್ಟಿಗೆಯೊಳಗೆ ಸೇವಂತಿಗೆ ಇಡತೊಡಗಿದರು. ಆಮೇಲೆ ಹಾಳೆಗಳು, ಒಂದೊಂದಾಗಿ, ಭುಜದ ಪಕ್ಕ, ಮೊಣಕಾಲ ಮೇಲೆ, ಪಾದದ ಬಳಿ. ಕ್ಯಾಸೆಟ್ ಮೇಜಿನ ತುದಿಯಲ್ಲಿ ಒಂಟಿಯಾಗಿ ಕೂತಿತ್ತು. ಹಿದೆತೊ ಅದನ್ನು ನೋಡಿದ. ‘ಅಕ್ಕ, ಆ ಸುಳ್ಳು ಕಟ್ಟಿದವನು ನಾನು’ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನೊಬುವಿನ ಕಿವಿ ಒಂದು ಮೊಳ ದೂರದಲ್ಲಿತ್ತು.

ಅವನು ಹಾಳೆಗಳ ಕಟ್ಟಿನ ಕೆಳಗೆ ಕ್ಯಾಸೆಟ್ ಹಿಡಿದುಕೊಂಡು ಬಗ್ಗಿದ. ಹೂವಿನ ಮರೆಯಲ್ಲಿ ಬಿಳಿ ನಿಲುವಂಗಿಯ ಕೊರಳಪಟ್ಟಿ ಸಡಿಲಿಸಿ, ಗಂಟಲ ಕೆಳಗೆ ಎದೆಯ ಮೇಲೆ ಅದನ್ನು ತಳ್ಳಿ ಮುಚ್ಚಿದ. ಕೈಗೆ ತಗಲಿದ ಮೈ, ಹೆಣ ಕೆಡದಂತೆ ಇಟ್ಟ ಮಂಜುಗಡ್ಡೆಯಷ್ಟೇ ತಣ್ಣಗಿತ್ತು. ಕ್ಷಮೆ ಕೇಳಿದ ಹಾಗಾಯಿತು ಎಂದುಕೊಂಡ. ಬಾಯಿ ಬಿಡುವುದಕ್ಕಿಂತ ಇದು ಸುಲಭವಾಗಿತ್ತು.

*

ಇಬ್ಬರಿಗೂ ಮೂವತ್ತೊಂದಾಗಿದ್ದಾಗ ಒಂದು ಭಾನುವಾರ ನೊಬು ಫೋನ್ ಮಾಡಿದ. "ಇವತ್ತು ಆಗುತ್ತೆ ಅನ್ಸುತ್ತೆ. ಬಾ."

ಹಿದೆತೊ ಹೋದಾಗ ಅವನು ಐದನೆಯ ಹಂತದಲ್ಲಿದ್ದ. ಒಂದೂ ಏಟು ತಿಂದಿರಲಿಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸ; ಹೆಬ್ಬೆರಳಿನ ತುದಿ ಕುದುರೆಯ ಗೊರಸಿನಂತೆ ಗಟ್ಟಿಯಾಗಿತ್ತು. ಆ ಕೆಟ್ಟ ಆಟದ ಪ್ರತಿ ಗುದ್ದು ಎಷ್ಟು ತಡವಾಗಿ ತಗಲುತ್ತದೆ ಎಂದು ಅವನ ಮೈಗೆ ಗೊತ್ತಿತ್ತು. ಕಬ್ಬಿಣದ ಸರಳು ಬಿದ್ದಲ್ಲಿ ಸುತ್ತುಹಾಕಿ ನಡೆದ. ಆರನೆಯ ಹಂತವೂ ಮುಗಿಯಿತು. ಬಾಗಿಲು ಮುಚ್ಚಿತು.

ನೊಬು ಗುಂಡಿಯ ಪೆಟ್ಟಿಗೆಯನ್ನು ಚಾಪೆಯ ಮೇಲಿಟ್ಟು ಕೈ ಕಟ್ಟಿ ಕೂತ.

"ನಾಲ್ಕು ನಿಮಿಷ," ಎಂದ.

"ಹ್ಞೂಂ," ಎಂದ ಹಿದೆತೊ.

ಟಿ.ವಿ.ಯಲ್ಲಿ ಹಸಿರು ಕೋಟಿನ ತಮ್ಮ ಬಾಗಿಲ ಮುಂದೆ ನಿಂತಿದ್ದ. ಅದೇ ಒಂದು ಸಾಲಿನ ಸಂಗೀತ. ಒಂದು ನಿಮಿಷ ಕಳೆಯಿತು. ಆಗ ಹಿದೆತೊ ಗಮನಿಸಿದ, ನೊಬು ಪರದೆಯನ್ನು ನೋಡುತ್ತಿರಲಿಲ್ಲ. ಇವನನ್ನು ನೋಡುತ್ತಿದ್ದ. ಸಿಟ್ಟಿಲ್ಲ, ನಗುವಿಲ್ಲ, ಬಸ್ಸಿಗೆ ಕಾಯುವವರು ರಸ್ತೆಯ ತಿರುವು ನೋಡುವ ಹಾಗೆ. ಎರಡು ನಿಮಿಷ. ಮೂರು. ಹಿದೆತೊ ಬಾಯಿ ತೆರೆದ.

"ಬಿಯರ್ ಇದ್ಯಾ ಮನೇಲಿ?" ಎಂದ.

ನೊಬು ಎದ್ದುಹೋಗಿ ಬಿಯರ್ ತಂದುಕೊಟ್ಟ. ನಾಲ್ಕು ನಿಮಿಷ ಮುಗಿದಿತ್ತು. "ಎಲ್ಲೋ ಒಂದು ಏಟು ತಗಲಿರ್ಬೇಕು, ನಾನು ನೋಡ್ಲಿಲ್ಲ," ಎಂದು ಅವನೇ ಹಿದೆತೊಗೆ ಸಮಾಧಾನ ಹೇಳಿದ. ಆಮೇಲೆ ಯಂತ್ರ ಆರಿಸಿ, ಮತ್ತೆ ಹಾಕಿ, ಒಂದನೆಯ ಹಂತದಿಂದ ಶುರುಮಾಡಿದ.

ವರ್ಷಗಳು ಕಳೆದು ಹಿದೆತೊ ಇಂಟರ್‌ನೆಟ್ಟಿನಲ್ಲಿ ಹಳೆಯ ಆಟಗಳ ಬಗ್ಗೆ ವಿಡಿಯೊ ಮಾಡತೊಡಗಿದಾಗ, ಜನಕ್ಕೆ ಅತ್ಯಂತ ಹಿಡಿಸಿದ್ದು ಇದೇ ಕತೆ. ಹೆಸರು ಬದಲಿಸಿದ್ದ, ತಲೆಗೆ ರಟ್ಟಿನ ಡಬ್ಬ ಹಾಕಿಕೊಂಡಿದ್ದ. ‘ಬಾಗಿಲು ಕಾಯುವ ಪೆದ್ದ’ ಎಂದು ಹೆಸರಿಟ್ಟಿದ್ದ. ನಾಲ್ಕು ನಿಮಿಷ ಕೈಕಟ್ಟಿ ಕೂತವನನ್ನು ನಟಿಸಿ ತೋರಿಸಿದ್ದ. ಪುಣ್ಯಕ್ಕೆ ನೊಬುವಿಗೆ ಇಂಟರ್‌ನೆಟ್ ಗೊತ್ತಿಲ್ಲ ಎಂದುಕೊಂಡಿದ್ದ.

*

ಸುಡುಮನೆಯ ಕಾಯುವ ಕೋಣೆಯಲ್ಲಿ ಅನ್ನದುಂಡೆ, ಕರಿದ ಸಿಗಡಿ, ಬಿಯರ್ ಇಟ್ಟಿದ್ದರು. ಒಂದೂವರೆ ಗಂಟೆ ಆಗುತ್ತದೆ ಎಂದರು. ಎರಡನೆಯ ಲೋಟಕ್ಕೆ ಸಕಾಗುಚಿಯ ಕೆನ್ನೆ ಕೆಂಪಾಯಿತು.

"ನಿಮ್ಮ ಧ್ವನಿ ಎಲ್ಲೋ ಕೇಳಿದೀನಿ ನಾನು," ಎಂದರು ಹಿದೆತೊಗೆ.

"ಎಲ್ಲರ ಧ್ವನಿನೂ ಒಂದೇ ಥರ ಇರುತ್ತೆ, ತಾತ."

"ಅಲ್ಲ ಕಣ್ರೀ. ನನ್ನ ಮೊಮ್ಮಗಳು ಫೋನಲ್ಲಿ ಒಬ್ಬನ್ನ ತೋರ್ಸಿದ್ಳು, ತಲೆಗೆ ಡಬ್ಬ ಹಾಕ್ಕೊಂಡಿರೋನು. ಯಾವನೋ ಪೆದ್ದ ಬಾಗಿಲು ಕಾಯೋ ಕತೆ ಹೇಳ್ತಾನೆ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತೆ. ನಾನು ಅದನ್ನ ವ್ಯಾನಲ್ಲಿ ನೊಬುಗೂ ತೋರಿಸ್ದೆ."

ಹಿದೆತೊನ ಕೈಯಲ್ಲಿದ್ದ ಲೋಟ ಮೇಜಿಗೆ ಇಳಿಯಿತು. "ನೊಬು ಏನಂದ?"

"ನಕ್ಕ. ನಮಗಿಂತ ಜಾಸ್ತಿ ನಕ್ಕ, ಕಣ್ಣಲ್ಲಿ ನೀರು ಬಂತು. ‘ಇನ್ನೊಂದ್ಸಲ ಹಾಕಿ’ ಅಂದ. ಆಮೇಲೆ ದಿನಾ ಊಟದ ಹೊತ್ತಲ್ಲಿ ಹಾಕಿ ಅನ್ನೋನು. ಆದ್ರೆ ಅದನ್ನ ನೋಡಿದ ದಿನ ಬುತ್ತಿ ಬಿಚ್ತಾ ಇರ್ಲಿಲ್ಲ. ಅವನ ಸಿಗಡಿ ನಾನೇ ತಿಂತಿದ್ದೆ," ಎಂದ ಸಕಾಗುಚಿ ತಟ್ಟೆಯಿಂದ ಒಂದು ಸಿಗಡಿ ಎತ್ತಿಕೊಂಡರು. "‘ಏನ್ ಕಾಯ್ತಾ ಇದೀಯ, ಎಷ್ಟು ಸಲ ನೋಡ್ತೀಯ’ ಅಂದ್ರೆ, ‘ಕೊನೇಲಿ ಏನಾದ್ರೂ ಹೇಳ್ತಾನೇನೋ ಅಂತ’ ಅನ್ನೋನು. ವಿಡಿಯೊ ಬದ್ಲಾಗುತ್ತೇನ್ರೀ? ಪಾಪ, ಅಷ್ಟೂ ತಿಳೀತಿರ್ಲಿಲ್ಲ."

ತೊಮಿ ಅಳಲು ಶುರುಮಾಡಿದಳು. ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೂ ಗೊತ್ತಿರಲಿಲ್ಲ. ಹಿದೆತೊ ಕಕ್ಕಸಿಗೆ ಹೋಗಿ ಮುಖಕ್ಕೆ ನೀರು ಚಿಮುಕಿಸಿಕೊಂಡ. ಹೊರಗೆ ಬಂದಾಗ ಫುಸಾಎ ಗೋಡೆಗೊರಗಿ ನಿಂತಿದ್ದಳು.

"ಆ ಕ್ಯಾಸೆಟ್ ನೋಡಿದ್ಯಾ ಹಿದೆತೊ? ಮೇಜಿನ ಮೇಲಿಟ್ಟಿದ್ದೆ, ಕಾಣ್ತಾ ಇಲ್ಲ."

"ಇಲ್ಲ ಅಕ್ಕ."

"ಸರಿ." ಅವಳು ಅವನ ಕೊರಳಪಟ್ಟಿ ನೇರ ಮಾಡಿದಳು, ಅಂಗಡಿಗೆ ಬಂದವರಿಗೆ ಮಾಡುವ ಹಾಗೆ. "ಅವನು ಹನ್ನೆರಡು ವರ್ಷದವನಿದ್ದಾಗ ನಮ್ಮ ಅಂಗಡೀಲಿ ಕೂತು ಏನೋ ಓದಿದ. ಆ ಸಂಜೆ ಉಣ್ಲಿಲ್ಲ. ನಾನು ನಿನ್ನನ್ನ ಹಿಡ್ಕೊಂಡು ಎರಡು ಬಾರಿಸೋಣ ಅಂತ ಹೊರಟಿದ್ದೆ. ‘ಬೇಡ ಅಕ್ಕ, ಏನೂ ಕೇಳ್ಬೇಡ. ಅವನೇ ಹೇಳ್ತಾನೆ. ನಾವು ಕೇಳಿ ಹೇಳ್ಸಿದ್ರೆ ಅವನು ಹೇಳ್ದಂಗೆ ಆಗಲ್ಲ’ ಅಂದ. ನಾನು ಕೇಳ್ಲಿಲ್ಲ. ಇವತ್ತೂ ಕೇಳಲ್ಲ."

ಇಷ್ಟು ಹೇಳಿ ಅವಳು ಹೋಗಲಿಲ್ಲ. ನಿಂತಳು. ಹಿದೆತೊ ಅವಳ ಹಿಂದಿದ್ದ ಗಡಿಯಾರವನ್ನು ನೋಡಿದ, ನೆಲ ನೋಡಿದ, ತನ್ನ ಬೂಟು ನೋಡಿದ. ಅಷ್ಟರಲ್ಲಿ ಧ್ವನಿವರ್ಧಕ ಇನೊಮಾತ ಕುಟುಂಬದವರು ಬರಬೇಕೆಂದು ಕರೆಯಿತು. ಅವನಿಗೆ ಕುಣಿಯುವಷ್ಟು ಸಮಾಧಾನವಾಯಿತು.

*

ಉಕ್ಕಿನ ಹಾಸಿನ ಮೇಲೆ ಮೂಳೆಗಳು ಮಲಗಿದ್ದವು. ಕಾಲಿನ ಕಡೆಯವು ಬೆಳ್ಳಗೆ, ಸುಣ್ಣದ ಹಾಗೆ ಚೊಕ್ಕವಾಗಿದ್ದವು. ಎದೆಯ ಮೇಲ್ಭಾಗದಲ್ಲಿ ಮಾತ್ರ ಕೀಲೆಣ್ಣೆ ಚೆಲ್ಲಿದಂತೆ ಕಪ್ಪು, ಅದರ ನಡುವೆ ಹಾವಸೆಯಂಥ ಹಸಿರು.

ಬಿಳಿ ಕೈಗವಸು ತೊಟ್ಟ ಸುಡುಮನೆಯ ನೌಕರ ಅದನ್ನು ನೋಡಿ ನಿಂತುಬಿಟ್ಟ. ಮೂವತ್ತು ವರ್ಷದ ಅನುಭವದವನಿರಬೇಕು, ಧ್ವನಿ ಏರಿಸಲಿಲ್ಲ. "ಒಳಗೆ ಯಾರಾದ್ರೂ ಏನಾದ್ರೂ ಇಟ್ಟಿದ್ರಾ?"

ತೊಮಿ ಸಕಾಗುಚಿಯನ್ನು ನೋಡಿದಳು, ಸಕಾಗುಚಿ ತೊಮಿಯನ್ನು.

ಪಾದದಿಂದ ಶುರುಮಾಡಿದರು. ಇಬ್ಬರಿಬ್ಬರು ಸೇರಿ, ಒಂದು ಬಿದಿರಿನದು ಒಂದು ಮರದ್ದು ಹೊಂದದ ಕಡ್ಡಿಗಳಿಂದ, ಒಂದೇ ಮೂಳೆಯನ್ನು ಎರಡೂ ಕಡೆ ಹಿಡಿದು ಎತ್ತಿ ಕುಡಿಕೆಯೊಳಗೆ ಇಳಿಸುವುದು. ತೊಮಿ ಮತ್ತು ಸಕಾಗುಚಿ ಮೊಣಕಾಲ ಚಿಪ್ಪು ಎತ್ತಿದರು. ಫುಸಾಎ ಮತ್ತು ತೊಮಿ ತೊಡೆಯ ಚೂರು ಎತ್ತಿದರು. ಹೀಗೆ ಕಾಲು, ಸೊಂಟ, ಬೆನ್ನು, ಸತ್ತವನು ಕುಡಿಕೆಯಲ್ಲಿ ನೆಟ್ಟಗೆ ಕೂರುವಂತೆ. ಕೊನೆಗೆ ನೌಕರ ಕಪ್ಪಿನ ನಡುವಿನಿಂದ ಒಂದನ್ನು ಚಿಮಟದಲ್ಲಿ ಬಿಡಿಸಿದ. ತೋರಿಸಲೋ ಬೇಡವೋ ಎಂದು ಅನುಮಾನಿಸಿ, ತೋರಿಸಿದ.

"ಗಂಟಲ ಬುದ್ಧ," ಎಂದ. "ಸಾಮಾನ್ಯವಾಗಿ ನಾವು ಹೇಳೋದು, ಎಷ್ಟು ಚಂದ ಕೂತಿದೆ ನೋಡಿ ಅಂತ."

ಬುದ್ಧನಿಗೆ ತಲೆಯಿರಲಿಲ್ಲ. ಮುಗಿದ ಕೈಗಳಿರಬೇಕಾದಲ್ಲಿ ಕರಗಿದ ತಾಮ್ರದ ಒಂದು ಪಟ್ಟಿ ಕಚ್ಚಿಕೊಂಡಿತ್ತು. ಅದರ ಮೇಲೆ ಸಾಲಾಗಿ ಸಣ್ಣ ಹಲ್ಲುಗಳು. ಹಳೆಯ ಕ್ಯಾಸೆಟ್ ಬಿಚ್ಚಿ ನೋಡಿದ ಯಾರಿಗಾದರೂ ಅದು ಏನೆಂದು ಗೊತ್ತಾಗುತ್ತದೆ. ಮೂಳೆ ಪೂರಾ ಹಸಿರಾಗಿತ್ತು, ಕೋಟು ತೊಟ್ಟ ಹಾಗೆ.

ಫುಸಾಎ ಬಹಳ ಹೊತ್ತು ನೋಡಿದಳು. ಆಮೇಲೆ, "ಬಾ ಹಿದೆತೊ, ಇದನ್ನ ನೀನೂ ನಾನೂ ಎತ್ತೋಣ," ಎಂದಳು.

ಅವನು ಕಡ್ಡಿ ಹಿಡಿದು ಬಂದ. ಅವಳ ಕಡ್ಡಿ ಒಂದು ಕಡೆ, ಅವನದು ಇನ್ನೊಂದು ಕಡೆ. ಮೂಳೆ ಮೇಲೆದ್ದಿತು. ಕುಡಿಕೆ ಬಲಕ್ಕೆ ಎರಡು ಹೆಜ್ಜೆ ದೂರದಲ್ಲಿತ್ತು. ಫುಸಾಎ ಆ ಕಡೆ ಅಲ್ಲಾಡಲಿಲ್ಲ. ಮೂಳೆಯನ್ನು ಗಾಳಿಯಲ್ಲಿ ಹಿಡಿದುಕೊಂಡೇ, ತಲೆ ತಿರುಗಿಸಿ, ಅವನನ್ನು ನೋಡಿದಳು.

ಅವನು ಬಿಟ್ಟರೆ ಬೀಳುತ್ತದೆ. ಅವಳು ಬಿಡುವುದಿಲ್ಲ. ಉಕ್ಕಿನ ಹಾಸಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ನೌಕರ ಕೆಮ್ಮಿದ, ತೊಮಿ ಬಿಕ್ಕುವುದನ್ನು ನಿಲ್ಲಿಸಿದಳು. ಹಿದೆತೊನ ಕಡ್ಡಿಯ ತುದಿ ತಾಮ್ರಕ್ಕೆ ತಗಲಿ ಟಿಕ್ಕೆಂದಿತು. ಒಳಜೇಬಿನ ಹಾಳೆ ಎದೆಗೆ ಚುಚ್ಚುತ್ತಿತ್ತು. ಒಂದು ನಿಮಿಷ ಆಯಿತೋ, ಎರಡಾಯಿತೋ. ಅವನು ಬಾಯಿ ತೆರೆದ.

"ಅದು... ಸಕಾಗುಚಿಯವರ ಲೈಟರ್ ಇರ್ಬೇಕು ಅಕ್ಕ. ಹಾಕ್ತೀನಿ ಅಂತಿದ್ರಲ್ಲ."

ಮುದುಕನ ಕೆಂಪು ಕೆನ್ನೆ ಬಿಳಿಚಿತು. "ನಾನಾ?" ಎಂದರು. ಒಂದು ಜೇಬು ತಡಕಿದರು, ಇನ್ನೊಂದು ತಡಕಿದರು, ಕೋಟಿನ ಕೆಳಗೆ ಕೈ ಹಾಕಿದರು. ಕೊನೆಗೆ ಪ್ಯಾಂಟಿನ ಹಿಂದಿನ ಜೇಬಿನಿಂದ ಕೆಂಪು ಲೈಟರ್ ಹೊರಗೆ ಬಂತು. ಯಾರಿಗೆ ತೋರಿಸಬೇಕೆಂದು ತಿಳಿಯದೆ ಅವರು ಅದನ್ನು ಎಲ್ಲರ ಮುಂದೆ ಎತ್ತಿಹಿಡಿದು, ಹೆಬ್ಬೆರಳಿನಿಂದ ಒತ್ತಿದರು. ಒಂದೇ ಸಲಕ್ಕೆ ಹತ್ತಿತು.

ಆ ಪುಟ್ಟ ಉರಿಯ ಈಚೆಗೆ, ಹಸಿರು ಮೂಳೆಯನ್ನು ಒಂದು ಕಡೆ ಹಿಡಿದು, ಫುಸಾಎ ಇನ್ನೂ ಹಿದೆತೊನನ್ನೇ ನೋಡುತ್ತ ನಿಂತಿದ್ದಳು.